ವಿಲಿಯಂ ಹ್ಯಾಕೆಟ್: ಕಲ್ಲಿದ್ದಲು ಗಣಿಯಿಂದ ಯುದ್ಧದ ಸುರಂಗಕ್ಕೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಯಾರು ಈ ಹ್ಯಾಕೆಟ್?

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಕಲ್ಲಿದ್ದಲು ಅಗೆದು ಸಂಸಾರ ನಡೆಸುತ್ತಿದ್ದ ಕೂಲಿಗಾರ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಎಂಜಿನಿಯರಿಂಗ್ ದಳವಾದ ರಾಯಲ್ ಎಂಜಿನಿಯರ್ಸ್‌ನ ಸುರಂಗ ಕಂಪನಿ (ಸುರಂಗ ಕೊರೆಯುವ ಸೈನಿಕ ತುಕಡಿ) ಸೇರಿ, 1916ರ ಜೂನ್‌ನಲ್ಲಿ ಫ್ರಾನ್ಸಿನ ಜಿವೆನ್ಶಿ ಎಂಬ ಹಳ್ಳಿಯ ನೆಲದಡಿ ಸತ್ತ. ಹೊರಬರಲು ದಾರಿಯಿತ್ತು, ಗಾಯಗೊಂಡ ಜೊತೆಗಾರನನ್ನು ಬಿಟ್ಟು ಬರಲಿಲ್ಲ. ಬ್ರಿಟಿಷ್ ಸುರಂಗ ಕಂಪನಿಗಳಲ್ಲಿ ದುಡಿದ ಸಾವಿರಾರು ಜನರ ಪೈಕಿ ಆ ಕೆಲಸಕ್ಕಾಗಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದವನು ಇವನೊಬ್ಬನೇ.

ಯುದ್ಧಕ್ಕೆ ಮೊದಲು ಅವನ ಬದುಕು ಹೇಗಿತ್ತು?

ಹುಟ್ಟಿದ್ದು 1873ರ ಜೂನ್ 11ರಂದು, ನಾಟಿಂಗ್‌ಹ್ಯಾಮ್‌ನಲ್ಲಿ. ಓದು ಬರಹ ಬರುತ್ತಿರಲಿಲ್ಲ. ಮುಂದೆ ಫ್ರಾನ್ಸಿನಿಂದ ಮನೆಗೆ ಹೋದ ಕಾಗದಗಳನ್ನೆಲ್ಲ ಅವನು ಹೇಳಿ, ಜೊತೆಯವನೊಬ್ಬ ಬರೆದದ್ದು. 1900ರಲ್ಲಿ ಆಲಿಸ್ ಎಂಬಾಕೆಯನ್ನು ಮದುವೆಯಾದ. ಆರ್ಥರ್ ಮತ್ತು ಮೇರಿ ಎಂದು ಇಬ್ಬರು ಮಕ್ಕಳು. ಮೆಕ್ಸ್‌ಬರೊ ಎಂಬ ಗಣಿ ಊರಿನಲ್ಲಿ ಮನೆ, ಮ್ಯಾನ್ವರ್ಸ್ ಮೇನ್ ಗಣಿಯಲ್ಲಿ ಕೆಲಸ. ಸೇನೆ ಸೇರುವ ಹೊತ್ತಿಗೆ ಗಣಿಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕಳೆದಿದ್ದ.

ಆ ಸೀಮೆಯ ಇನ್ನೊಂದು ಸಂಗತಿ ಗೊತ್ತಿಲ್ಲದಿದ್ದರೆ ಮುಂದಿನ ಕಥೆ ಪೂರ್ತಿ ಅರ್ಥವಾಗದು. ಮೆಕ್ಸ್‌ಬರೊಗೆ ಕೆಲವೇ ಮೈಲಿ ದೂರದಲ್ಲಿ ಕೇಡ್ಬಿ ಮೇನ್ ಎಂಬ ಗಣಿ ಇತ್ತು. 1912ರ ಜುಲೈ 9ರ ನಸುಕಿನಲ್ಲಿ ಅಲ್ಲಿ ಸ್ಫೋಟವಾಗಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಅವರನ್ನು ಮೇಲೆ ತರಲು ಇನ್ನೊಂದು ತಂಡ ಇಳಿಯಿತು. ಆಗ ಮತ್ತೊಂದು ಸ್ಫೋಟ. ಮೊದಲನೆಯದರಲ್ಲಿ ಸತ್ತವರಿಗಿಂತ, ರಕ್ಷಿಸಲು ಹೋಗಿ ಸತ್ತವರ ಸಂಖ್ಯೆಯೇ ಹೆಚ್ಚು. ಐದನೆಯ ಜಾರ್ಜ್ ದೊರೆ ಆಗ ಅದೇ ಪ್ರದೇಶದ ಪ್ರವಾಸದಲ್ಲಿದ್ದುದರಿಂದ ರಾಣಿಯ ಜೊತೆ ಸಂತಾಪ ಹೇಳಲು ಗಣಿಯ ಬಳಿಗೆ ಬಂದಿದ್ದ. ಒಳಗೆ ಸಿಕ್ಕಿಕೊಂಡವನಿದ್ದರೆ ಹೊರಗಿದ್ದವನು ಇಳಿಯಲೇಬೇಕು ಎಂಬುದು ಆ ಊರುಗಳಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾದ ಮಾತಾಗಿರಲಿಲ್ಲ. ಅದರ ಬೆಲೆ ಎಷ್ಟೆಂದು ಮನೆಮನೆಗೂ ಗೊತ್ತಿತ್ತು.

42 ವರ್ಷದವನನ್ನು ಸೇನೆಗೆ ತೆಗೆದುಕೊಂಡರೇ?

ಸುಲಭಕ್ಕೆ ತೆಗೆದುಕೊಳ್ಳಲಿಲ್ಲ. ಯಾರ್ಕ್ ಅಂಡ್ ಲ್ಯಾಂಕಾಸ್ಟರ್ ರೆಜಿಮೆಂಟ್ ವಯಸ್ಸಾಯಿತೆಂದು ಮೂರು ಸಲ ವಾಪಸ್ ಕಳಿಸಿತು. ಹೃದಯದ ತೊಂದರೆಯೂ ಇತ್ತಂತೆ. ಅಲ್ಲಿಗೆ ಸುಮ್ಮನಾಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಯುದ್ಧಕಾಲದಲ್ಲಿ ಕಲ್ಲಿದ್ದಲು ತೆಗೆಯುವುದೂ ದೇಶದ ಕೆಲಸವೇ. ಆದರೆ ಅಷ್ಟರಲ್ಲಿ ಸೇನೆಗೆ ಬೇರೊಂದು ಬಗೆಯ ಜನ ಬೇಕಾಗಿದ್ದರು. 1915ರ ಅಕ್ಟೋಬರ್ 25ರಂದು ಅವನು ರಾಯಲ್ ಎಂಜಿನಿಯರ್ಸ್‌ಗೆ ಸೇರಿದ. ಚ್ಯಾಟಮ್‌ನಲ್ಲಿ ಎರಡು ವಾರದ ತರಬೇತಿ, ಆಮೇಲೆ ಸೀದಾ ಫ್ರಾನ್ಸ್. ಎರಡು ವಾರ ಎಂದರೆ ಸಮವಸ್ತ್ರ ತೊಡುವುದು, ಸಲ್ಯೂಟ್ ಹೊಡೆಯುವುದು ಕಲಿಯಲಷ್ಟೇ ಸಾಲುವ ಕಾಲ. ಅಗೆಯುವುದನ್ನು ಅವನಿಗೆ ಕಲಿಸುವವರು ಅಲ್ಲಿ ಯಾರೂ ಇರಲಿಲ್ಲ, ಕಲಿಸಬೇಕಾಗಿಯೂ ಇರಲಿಲ್ಲ.

ಸೇನೆಗೆ ಗಣಿ ಕೆಲಸದವರು ಯಾಕೆ ಬೇಕಾದರು?

1914ರ ಕೊನೆಯ ಹೊತ್ತಿಗೆ ಪಶ್ಚಿಮ ರಣರಂಗ ಹೆಪ್ಪುಗಟ್ಟಿತ್ತು. ಎರಡೂ ಕಡೆಯವರು ಕಂದಕ ತೋಡಿ ಎದುರುಬದುರು ಕೂತಿದ್ದರು. ತಲೆ ಎತ್ತಿದರೆ ಗುಂಡು. ಮೇಲಿಂದ ಹೋಗಲಾಗದು ಎಂದಾಗ ನೆಲದಡಿಯಿಂದ ಹೋಗುವ ಹಳೆಯ ಕೋಟೆ ಯುದ್ಧದ ತಂತ್ರ ಮತ್ತೆ ಜೀವ ತಳೆಯಿತು: ಶತ್ರುವಿನ ಕಂದಕದ ಕೆಳಗಿನತನಕ ಸುರಂಗ ಕೊರೆ, ಸಿಡಿಮದ್ದು ತುಂಬು, ಹಾರಿಸು.

ಇದನ್ನು ಮೊದಲು ದೊಡ್ಡದಾಗಿ ಮಾಡಿ ತೋರಿಸಿದವರು ಜರ್ಮನ್ನರು. ಬ್ರಿಟಿಷರ ಕಡೆ ಇದಕ್ಕೆ ಉತ್ತರ ಹುಡುಕಿದವನು ಜಾನ್ ನಾರ್ಟನ್ ಗ್ರಿಫಿತ್ಸ್ ಎಂಬ ಗುತ್ತಿಗೆದಾರ, ಪಾರ್ಲಿಮೆಂಟ್ ಸದಸ್ಯನೂ ಹೌದು. ಅವನ ಕೈಕೆಳಗೆ ಮ್ಯಾಂಚೆಸ್ಟರ್‌ನ ಒಳಚರಂಡಿಗೆ ಸುರಂಗ ಕೊರೆಯುವ ಕೆಲಸಗಾರರಿದ್ದರು. ಯುದ್ಧ ಮಂತ್ರಿ ಕಿಚನರ್‌ನ ಕೋಣೆಯಲ್ಲಿ ಒಲೆಗೂಡಿನ ಸಲಿಕೆ ಎತ್ತಿಕೊಂಡು, ನೆಲದ ಮೇಲೆ ಅಂಗಾತ ಬಿದ್ದು, ಕಾಲಿನಿಂದ ಅಗೆಯುವುದು ಹೇಗೆಂದು ತೋರಿಸಿದನೆಂಬ ಕಥೆ ಪ್ರಸಿದ್ಧ. 1915ರ ಫೆಬ್ರವರಿಯಲ್ಲಿ ಮೊದಲ ಸುರಂಗ ಕಂಪನಿಗಳು ಹುಟ್ಟಿದವು. ನಿನ್ನೆ ಮೊನ್ನೆಯವರೆಗೆ ಚರಂಡಿ ಕೊರೆಯುತ್ತಿದ್ದವರು ಕೆಲವೇ ದಿನಗಳಲ್ಲಿ ಸೈನಿಕರಾಗಿ ಫ್ರಾನ್ಸ್ ತಲುಪಿದರು. ಅವರ ಹಿಂದೆಯೇ ಕಲ್ಲಿದ್ದಲು ಗಣಿಯವರು, ತವರದ ಗಣಿಯವರು.

ಸುರಂಗದೊಳಗೆ ಕೆಲಸ ಹೇಗೆ ನಡೆಯುತ್ತಿತ್ತು?

ಮೊದಲು ನಮ್ಮ ಕಡೆಯ ಕಂದಕದ ಹತ್ತಿರ ಬಾವಿಯ ಹಾಗೆ ನೇರ ಕೆಳಗೆ ಶಾಫ್ಟ್ ತೋಡುತ್ತಾರೆ. ಸಾಕಷ್ಟು ಆಳ ಸಿಕ್ಕಿದ ಮೇಲೆ ಅಡ್ಡಲಾಗಿ ಶತ್ರುವಿನ ಕಡೆಗೆ ಸುರಂಗ. ಹ್ಯಾಕೆಟ್ ಸತ್ತ ಸುರಂಗದ ಎತ್ತರ 4 ಅಡಿ 3 ಇಂಚು, ಅಗಲ 2 ಅಡಿ 6 ಇಂಚು. ಎತ್ತರ ಎದೆಮಟ್ಟ, ಅಗಲ ಭುಜ ತಿರುಗಿಸಲು ಬೇಕಾದಷ್ಟು. ನೆಟ್ಟಗೆ ನಿಲ್ಲುವ ಮಾತೇ ಇಲ್ಲ.

ಜೇಡಿಮಣ್ಣಿನಲ್ಲಿ ಗುದ್ದಲಿ ಹೊಡೆದರೆ ಸದ್ದು ದೂರದವರೆಗೆ ಕೇಳುತ್ತದೆ, ಆ ಕಡೆ ಜರ್ಮನ್ನನೂ ಮಣ್ಣಿಗೆ ಕಿವಿಗೊಟ್ಟು ಕೂತಿರುತ್ತಾನೆ. ಹಾಗಾಗಿ ಮ್ಯಾಂಚೆಸ್ಟರ್‌ನವರ ವಿಧಾನ ಬಂತು. ಒಬ್ಬ ಓರೆಯಾಗಿ ನಿಲ್ಲಿಸಿದ ಹಲಗೆಗೆ ಒರಗಿ, ಎರಡೂ ಕಾಲುಗಳಿಂದ ಕಿರಿದಾದ ಸಲಿಕೆಯನ್ನು ಮಣ್ಣಿಗೆ ಒತ್ತಿ ಹೆಂಟೆ ಹೆಂಟೆಯಾಗಿ ಕೀಳುತ್ತಾನೆ. ಎರಡನೆಯವನು ಅದನ್ನು ಮೂಟೆ ತುಂಬುತ್ತಾನೆ. ಮೂರನೆಯವನು ರಬ್ಬರ್ ಚಕ್ರದ ಸಣ್ಣ ಗಾಡಿಯಲ್ಲಿ ಅದನ್ನು ಹಿಂದಕ್ಕೆ ಎಳೆಯುತ್ತಾನೆ. ಆಸರೆಗೆ ಕೊಡುವ ಮರದ ಚೌಕಟ್ಟುಗಳಿಗೆ ಮೊಳೆ ಹೊಡೆಯುವ ಹಾಗಿಲ್ಲ. ಜೇಡಿಮಣ್ಣು ತಾನೇ ಉಬ್ಬಿ ಮರವನ್ನು ಬಿಗಿ ಹಿಡಿಯುತ್ತದೆ. ಮಾತು ಪಿಸುಗುಟ್ಟಿ ಮಾತ್ರ. ವೈದ್ಯರ ಸ್ಟೆತೊಸ್ಕೋಪಿನ ಹಾಗೆ ಕಿವಿಗೆ ಹಾಕುವ ಜಿಯೋಫೋನ್ ಎಂಬ ಸಾಧನ ಹಿಡಿದು, ಶತ್ರು ಎಲ್ಲಿ ಅಗೆಯುತ್ತಿದ್ದಾನೆ, ಅಗೆಯುವುದು ನಿಲ್ಲಿಸಿದನೇ ಎಂದು ಕೇಳುವುದಕ್ಕೇ ಜನ ಇರುತ್ತಿದ್ದರು. ಅಗೆಯುವ ಸದ್ದು ನಿಂತರೆ ಭಯ ಹೆಚ್ಚು: ಅವನು ಮದ್ದು ತುಂಬುತ್ತಿರಬಹುದು.

ಸ್ಫೋಟದ ನಂತರ ಮಣ್ಣಿನ ಸಂದಿಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಉಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ತಿಳಿಯಲು ಗಣಿಗಳಲ್ಲಿದ್ದಂತೆಯೇ ಇಲ್ಲೂ ಪಂಜರದಲ್ಲಿ ಮನುಷ್ಯರಿಗಿಂತ ಮೊದಲೇ ವಿಷಕ್ಕೆ ಸೋಲುವ ಕ್ಯಾನರಿ ಹಕ್ಕಿ, ಇಲಿ.

ಸಂಬಳವಾದರೂ ಚೆನ್ನಾಗಿತ್ತೇ?

ನುರಿತ ಸುರಂಗ ಕೆಲಸಗಾರನಿಗೆ ದಿನಕ್ಕೆ 6 ಷಿಲಿಂಗ್, ಸಹಾಯಕನಿಗೆ 2 ಷಿಲಿಂಗ್ 2 ಪೆನ್ಸ್. ಕಂದಕದಲ್ಲಿ ನಿಲ್ಲುವ ಸಾಮಾನ್ಯ ಕಾಲಾಳಿಗೆ ಮೂಲ ವೇತನ ಒಂದು ಷಿಲಿಂಗ್. ಮೇಲಿದ್ದವರಿಗೆ ಇದರಿಂದ ಹೊಟ್ಟೆಯುರಿ ಇದ್ದೇ ಇತ್ತು. ಇವರೋ ಶಿಸ್ತಿಗೆ ಅಷ್ಟಾಗಿ ಬಗ್ಗುವವರಲ್ಲ, ಅಧಿಕಾರಿಯನ್ನು ಮೇಸ್ತ್ರಿಯ ಹಾಗೆ ಕಾಣುವವರು.

1916ರ ಜೂನ್ 22ರಂದು ಏನಾಯಿತು?

ಹ್ಯಾಕೆಟ್ ಆಗ 254ನೇ ಸುರಂಗ ಕಂಪನಿಯಲ್ಲಿದ್ದ. ಜಿವೆನ್ಶಿಯ ಬಳಿ ಕೊರೆಯುತ್ತಿದ್ದ ಸುರಂಗಕ್ಕೆ ಲಂಡನ್ನಿನ ರಸ್ತೆಯೊಂದರ ಹೆಸರಿಟ್ಟಿದ್ದರು: ಷಾಫ್ಟ್ಸ್‌ಬರಿ ಅವೆನ್ಯೂ. ಅವನಿಗೆ 43 ತುಂಬಿ ಹನ್ನೊಂದು ದಿನವಾಗಿತ್ತು.

ರಾತ್ರಿ ಪಾಳಿಯಲ್ಲಿ ಐವರು ಕೆಳಗಿದ್ದರು. ಬೆಳಗಿನ ಜಾವ 2.50ಕ್ಕೆ ಜರ್ಮನ್ನರು ತಮ್ಮ ಮೈನ್ (ನೆಲದಡಿ ತುಂಬಿಟ್ಟ ಸಿಡಿಮದ್ದು) ಸಿಡಿಸಿದರು. ಮೇಲೆ ಕಂದಕದಲ್ಲಿದ್ದ ರಾಯಲ್ ವೆಲ್ಷ್ ಫ್ಯುಸಿಲಿಯರ್ಸ್‌ನ 2ನೇ ಬಟಾಲಿಯನ್ನಿನ ಬಿ ಕಂಪನಿಯ ಬಹುಪಾಲು ಒಂದೇ ಏಟಿಗೆ ನೆಲಸಮವಾಯಿತು. ಅಲ್ಲಿ ಉಂಟಾದ ದೊಡ್ಡ ಗುಂಡಿಗೆ ಆ ರೆಜಿಮೆಂಟಿನ ಗೌರವಾರ್ಥ ರೆಡ್ ಡ್ರ್ಯಾಗನ್ ಎಂಬ ಹೆಸರು ನಿಂತಿತು. ಸ್ಫೋಟದ ಬೆನ್ನಿಗೇ ಜರ್ಮನ್ನರು ನುಗ್ಗಿದರು. ಉಳಿದವರು ಅವರನ್ನು ಹಿಮ್ಮೆಟ್ಟಿಸಿದರು.

ಕೆಳಗೆ ಸುರಂಗ ಕುಸಿದು ಐವರೂ ಶಾಫ್ಟಿನಿಂದ ಬೇರ್ಪಟ್ಟಿದ್ದರು. ಮೇಲಿನಿಂದ ರಕ್ಷಣಾ ತಂಡ ಅಗೆಯತೊಡಗಿತು, ಒಳಗಿನಿಂದ ಇವರೂ. ಇಪ್ಪತ್ತು ಗಂಟೆ ಹೆಣಗಿದ ಮೇಲೆ ಮಣ್ಣು, ಮುರಿದ ಮರಗಳ ನಡುವೆ ಒಂದು ಕಂಡಿ ಬಿತ್ತು. ಹ್ಯಾಕೆಟ್ ಮೂವರನ್ನು ಒಬ್ಬೊಬ್ಬರಾಗಿ ಅದರಲ್ಲಿ ದಾಟಿಸಿದ. ನಾಲ್ಕನೆಯವನು ಥಾಮಸ್ ಕಾಲಿನ್ಸ್. ತೀವ್ರವಾಗಿ ಗಾಯಗೊಂಡಿದ್ದ, ತಾನಾಗಿ ತೆವಳುವ ಸ್ಥಿತಿಯಲ್ಲಿರಲಿಲ್ಲ.

ಹ್ಯಾಕೆಟ್ ನಿಜವಾಗಿಯೂ ಹೊರಬರಬಹುದಿತ್ತೇ?

ಬರಬಹುದಿತ್ತು. ಪದಕದ ಅಧಿಕೃತ ಪ್ರಶಸ್ತಿಪತ್ರವೇ ಅವನು ಸುಲಭವಾಗಿ ಹಿಂಬಾಲಿಸಬಹುದಿತ್ತೆಂದು ಹೇಳುತ್ತದೆ. ಬಾ ಎಂದು ಕರೆದವರಿಗೆ ಅವನು ಕೊಟ್ಟ ಉತ್ತರವನ್ನೂ ದಾಖಲಿಸುತ್ತದೆ: "ನಾನು ಸುರಂಗದ ಕೆಲಸದವನು. ಮೊದಲು ಉಳಿದವರನ್ನು ನೋಡಿಕೊಳ್ಳಬೇಕು."

ಈ ನಡುವೆ ಕಂಡಿ ಕಿರಿದಾಗುತ್ತಾ ಬಂತು. ಕೊನೆಗೆ ಇಡೀ ಸುರಂಗ ಕುಸಿಯಿತು.

ಇದನ್ನು ಸೈನಿಕನ ಶೌರ್ಯ ಎನ್ನಬೇಕೋ ಬೇಡವೋ?

ಪದಕ ಕೊಟ್ಟವರು ಹಾಗೆಂದರು, ತಪ್ಪೇನಿಲ್ಲ. ನನಗೆ ಮಾತ್ರ ಅದೇ ಪ್ರಶಸ್ತಿಪತ್ರದ ಇನ್ನೊಂದು ಮಾತು ಹೆಚ್ಚು ಮುಖ್ಯ: ಜಾರುವ ಮಣ್ಣಿನ ಗುಣ ಅವನಿಗೆ ಚೆನ್ನಾಗಿ ಗೊತ್ತಿತ್ತು ಎಂಬುದು. ಆವೇಶದಲ್ಲಿ ಗುಂಡಿನ ಮಳೆಗೆ ನುಗ್ಗಿದವನ ಕಥೆಯಲ್ಲ ಇದು. ಎರಡು ದಶಕ ನೆಲದಡಿ ದುಡಿದವನಿಗೆ ಮರ ಕಿರುಗುಟ್ಟಿದರೆ ಏನರ್ಥ, ಮೇಲಿಂದ ಸಣ್ಣಗೆ ಮಣ್ಣು ಉದುರತೊಡಗಿದರೆ ಇನ್ನೆಷ್ಟು ಹೊತ್ತು ಎಂಬ ಅಂದಾಜು ಇದ್ದೇ ಇರುತ್ತದೆ. ಅಂದಾಜು ಮಾಡಿಯೇ ಕೂತ.

ಅವನು 'ನಾನು ಸೈನಿಕ' ಎನ್ನಲಿಲ್ಲ. ಸೈನ್ಯದಲ್ಲಿ ಅವನಿದ್ದದ್ದು ಎಂಟೇ ತಿಂಗಳು. ಗಾಯಾಳುವಿನ ಜೊತೆ ಸಾಯಬೇಕೆಂದು ಸೇನೆಯ ಯಾವ ಆಜ್ಞೆಯೂ ಹೇಳುವುದಿಲ್ಲ. ಅದು ಗಣಿಯಿಂದ ತಂದ ಕಟ್ಟಳೆ. ಇವನನ್ನು ದೇಶಭಕ್ತಿಯ ಪೋಸ್ಟರ್ ಮಾಡುವ ಬರಹಗಳನ್ನು ಓದಿದಾಗ ನನಗೆ ಕೊಂಚ ಕಸಿವಿಸಿಯಾಗುವುದು ಇದಕ್ಕೇ. ಕೇಡ್ಬಿಯಲ್ಲಿ ಎರಡನೇ ಸ್ಫೋಟಕ್ಕೆ ಬಲಿಯಾದವರಿಗೂ ಇವನಿಗೂ ನಾನಂತೂ ವ್ಯತ್ಯಾಸ ಕಾಣೆ.

ಥಾಮಸ್ ಕಾಲಿನ್ಸ್ ಯಾರು? ಅವನ ಬಗ್ಗೆ ಯಾರೂ ಬರೆಯುವುದಿಲ್ಲವಲ್ಲ?

ಸರಿಯಾದ ದೂರು. ಬಹಳ ಕಡೆ ಅವನು ಬರೀ 'ಗಾಯಗೊಂಡ ಸಂಗಡಿಗ'. ವೇಲ್ಸಿನ ಸ್ವಾನ್ಸಿಯ ಹುಡುಗ, ವೆಲ್ಷ್ ರೆಜಿಮೆಂಟಿನ 14ನೇ ಬಟಾಲಿಯನ್ನಿನ ಪ್ರೈವೇಟ್, ಎಂದರೆ ಸಾಮಾನ್ಯ ಸೈನಿಕ. ವಯಸ್ಸು 22. ಮಣ್ಣು ಹೊರಲು, ಮೂಟೆ ಎಳೆಯಲು ಕಾಲಾಳು ಪಡೆಗಳಿಂದ ಜನರನ್ನು ಸುರಂಗ ಕಂಪನಿಗಳಿಗೆ ಎರವಲು ಕೊಡುತ್ತಿದ್ದರು. ಅವನು ಹಾಗೆ ಬಂದವನು. ಹ್ಯಾಕೆಟ್‌ನ ಮಾತನ್ನು ಇದರ ಜೊತೆಗಿಟ್ಟು ನೋಡಿದರೆ, ಕಸುಬು ಬಲ್ಲವನು ಎರವಲು ಬಂದ ಹುಡುಗನಿಗೆ ತಾನೇ ಹೊಣೆ ಎಂದುಕೊಂಡಂತೆ ಕೇಳಿಸುತ್ತದೆ. ಇದು ನನ್ನ ಓದು, ಅಷ್ಟೇ.

ಕುಸಿದ ಮೇಲೂ ನಾಲ್ಕು ದಿನ ಅಗೆದರಂತೆ. ಅದು ವ್ಯರ್ಥ ಎಂದು ಗೊತ್ತಿರಲಿಲ್ಲವೇ?

ಗಣಿಯವರ ಲೆಕ್ಕದಲ್ಲಿ ನಾಲ್ಕು ದಿನ ಹೆಚ್ಚೇನಲ್ಲ. ಜಿವೆನ್ಶಿಯಿಂದ ಬಹಳ ದೂರವಿಲ್ಲದ ಲಾನ್ಸ್ ಪಟ್ಟಣದ ಪಕ್ಕದಲ್ಲೇ ಕುರಿಯೇರ್ ಗಣಿಗಳಿದ್ದವು. 1906ರ ಮಾರ್ಚ್ 10ರಂದು ಅಲ್ಲಿ ಕಲ್ಲಿದ್ದಲು ಧೂಳು ಹೊತ್ತಿ 1,099 ಜನ ಸತ್ತರು. ಯುರೋಪಿನಲ್ಲಿ ಅಷ್ಟು ದೊಡ್ಡ ಗಣಿ ದುರಂತ ಇನ್ನೊಂದಿಲ್ಲ. ಇನ್ನು ಯಾರೂ ಬದುಕಿಲ್ಲವೆಂದು ಆಡಳಿತದವರು ಹುಡುಕಾಟ ಕೈಬಿಟ್ಟರು. ಇಪ್ಪತ್ತು ದಿನಗಳ ನಂತರ ಹದಿಮೂರು ಜನ ಕತ್ತಲಲ್ಲಿ ತಡವರಿಸುತ್ತಾ ತಾವಾಗಿಯೇ ಹೊರಬಂದರು. ಅದಾದ ಕೆಲವು ದಿನಕ್ಕೆ ಇನ್ನೊಬ್ಬ. ಆ ಸಿಟ್ಟಿಗೆ ಇಡೀ ಗಣಿಪ್ರದೇಶ ಮುಷ್ಕರ ಹೂಡಿತು. ಹತ್ತು ವರ್ಷದ ಹಿಂದಿನ ಈ ಸುದ್ದಿ ತಿಳಿಯದ ಗಣಿಕಾರ್ಮಿಕ ಇಂಗ್ಲೆಂಡಿನಲ್ಲಿ ಅಪರೂಪ. ಹಾಗಾಗಿ ಶೆಲ್ ಬೀಳುತ್ತಿದ್ದರೂ ಅವರು ಅಗೆದದ್ದರಲ್ಲಿ ಆಶ್ಚರ್ಯವಿಲ್ಲ. ಹ್ಯಾಕೆಟ್ ಸತ್ತ ದಿನವೆಂದು ಸಾಮಾನ್ಯವಾಗಿ ಕೊಡುವ ಜೂನ್ 27 ಕೂಡ ಆ ಹುಡುಕಾಟದ ಕೊನೆಗೇ ಹೊಂದುತ್ತದೆ.

ಆ ಕಡೆಯ ಜರ್ಮನ್ನರೂ ಗಣಿಯವರೇ?

ಅವರಲ್ಲೂ ಗಣಿಯಿಂದ ಬಂದವರು ಬಹಳ ಜನ. ಕುರಿಯೇರ್‌ಗೆ 1906ರಲ್ಲಿ ನೆರವಿಗೆ ಧಾವಿಸಿದವರಲ್ಲಿ ಜರ್ಮನಿಯ ರೂರ್ ಪ್ರದೇಶದ ಗಣಿಕಾರ್ಮಿಕರೂ ಇದ್ದರು. ವಿಷಗಾಳಿಯಲ್ಲಿ ಉಸಿರಾಡುವ ಉಪಕರಣಗಳನ್ನು ಹೊತ್ತು, ಗಡಿ ದಾಟಿ ಬಂದು ಫ್ರೆಂಚರ ಜೊತೆ ಇಳಿದಿದ್ದರು. ಹತ್ತೇ ವರ್ಷದಲ್ಲಿ ಅದೇ ಸೀಮೆಯ ಮಣ್ಣಿನಡಿ ಎರಡೂ ಕಡೆಯ ಗಣಿಯವರು ಒಬ್ಬರನ್ನೊಬ್ಬರು ಹುಗಿಯುತ್ತಿದ್ದರು. ರಾಜಕಾರಣಿಗಳ ಭಾಷಣಕ್ಕೆ ಈ ಸಂಗತಿ ಒಗ್ಗುವುದಿಲ್ಲವೇನೋ, ಎಲ್ಲೂ ಕೇಳಿಸುವುದಿಲ್ಲ.

ಹೆಂಡತಿ, ಮಕ್ಕಳು ಏನಾದರು?

ಆಲಿಸ್‌ಗೆ ಅದು ಎರಡನೇ ಪೆಟ್ಟು. ಹ್ಯಾಕೆಟ್ ಫ್ರಾನ್ಸಿಗೆ ಹೋದ ಸ್ವಲ್ಪ ಕಾಲಕ್ಕೇ, 1916ರ ಆರಂಭದಲ್ಲಿ, ಮಗ ಆರ್ಥರ್ ಮ್ಯಾನ್ವರ್ಸ್ ಮೇನ್ ಗಣಿಯಲ್ಲಿ ಅಪಘಾತಕ್ಕೆ ಸಿಕ್ಕಿ ಒಂದು ಕಾಲು ಕಳೆದುಕೊಂಡಿದ್ದ. ಹುಡುಗನಿಗೆ ಆಗ 14 ವರ್ಷ. ಅಪ್ಪ ರಣರಂಗದಲ್ಲಿ, ಮಗ ಮನೆಯ ಹತ್ತಿರದ ಗಣಿಯಲ್ಲಿ; ಅಪಾಯ ಮೊದಲು ಹುಡುಕಿಕೊಂಡು ಬಂದದ್ದು ಮಗನನ್ನು.

ಆಗಸ್ಟ್‌ನಲ್ಲಿ ಪದಕ ಘೋಷಣೆಯಾಯಿತು. ನವೆಂಬರ್ 29ರಂದು ಆಲಿಸ್ ಬಕಿಂಗ್‌ಹ್ಯಾಮ್ ಅರಮನೆಗೆ ಹೋಗಿ ಐದನೆಯ ಜಾರ್ಜ್‌ನ ಕೈಯಿಂದ ಅದನ್ನು ಪಡೆದಳು. ನಾಲ್ಕು ವರ್ಷದ ಹಿಂದೆ ಕೇಡ್ಬಿಗೆ ಬಂದಿದ್ದ ಅದೇ ದೊರೆ.

ಜಿವೆನ್ಶಿಗೂ ಭಾರತಕ್ಕೂ ನಂಟಿದೆ ಎಂದು ಕೇಳಿದ್ದೆ. ಹೌದೇ?

ಹೌದು, ಅದೂ ಸುರಂಗದ ನಂಟೇ. ಮೇಲೆ, ನೆಲದಡಿಯ ಸ್ಫೋಟವನ್ನು ಜರ್ಮನ್ನರು ಮೊದಲು ದೊಡ್ಡದಾಗಿ ಮಾಡಿ ತೋರಿಸಿದರು ಎಂದೆನಲ್ಲ, ಅದು ನಡೆದದ್ದು ಇದೇ ಜಿವೆನ್ಶಿ ಮತ್ತು ಪಕ್ಕದ ಫೆಸ್ಟುಬೇರ್‌ನಲ್ಲಿ, 1914ರ ಡಿಸೆಂಬರ್ 20ರಂದು. ಹತ್ತು ಮೈನ್‌ಗಳು ಸಿಡಿದದ್ದು ಭಾರತೀಯ ಸೇನೆಯ ಸರ್ಹಿಂದ್ ಬ್ರಿಗೇಡಿನ ಕಾಲಡಿ. ಸಿಖ್ಖರು, ಗೂರ್ಖಾಗಳು ಇದ್ದ ಪಡೆ. ಸ್ಫೋಟ ಮತ್ತು ಅದರ ಹಿಂದೆಯೇ ಬಂದ ದಾಳಿಯಲ್ಲಿ ಸತ್ತವರು, ಗಾಯಾಳುಗಳು, ಕಾಣೆಯಾದವರು ಸೇರಿ 800ಕ್ಕೂ ಹೆಚ್ಚು. ಬ್ರಿಟಿಷರು ಗಡಬಡಿಸಿ ಸುರಂಗ ಕಂಪನಿ ಕಟ್ಟಲು ಹೊರಟದ್ದು ಈ ಪೆಟ್ಟಿನಿಂದಲೇ. ಹತ್ತಿರದ ನವ್ ಶಪೆಲ್‌ನಲ್ಲಿ, ಸಮಾಧಿಯೇ ಇಲ್ಲದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ ಹೆಸರು ಕೆತ್ತಿದ ಸ್ಮಾರಕವಿದೆ.

ಕರ್ನಾಟಕದ ಮಟ್ಟಿಗೆ ನಂಟು ತೆಳು. ಹ್ಯಾಕೆಟ್‌ನ ದರ್ಜೆ ಸ್ಯಾಪರ್, ಎಂದರೆ ಎಂಜಿನಿಯರಿಂಗ್ ದಳದ ಸಾಮಾನ್ಯ ಸೈನಿಕ; ಬೆಂಗಳೂರಿನ ಎಂ.ಇ.ಜಿ. (ಭಾರತೀಯ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ಕಡೆಯವರಿಗೆ ಈ ಪದ ಹೊಸದಲ್ಲ. ಕಂದಕಗಳ ಮುಂದಿನ ಮುಳ್ಳುತಂತಿ ಹಾರಿಸಲು ಬಳಸಿದ ಕೊಳವೆ ಬಾಂಬಿನ ಹೆಸರು ಬ್ಯಾಂಗಲೋರ್ ಟಾರ್ಪಿಡೊ. 1912ರಲ್ಲಿ ಅದನ್ನು ರೂಪಿಸಿದ್ದು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದ ಅಧಿಕಾರಿ. ಇದಕ್ಕಿಂತ ಎಳೆಯಲು ಹೋದರೆ ಹರಿಯುತ್ತದೆ.

ಇಂಥ ಸುರಂಗಗಳಿಂದ ಯುದ್ಧಕ್ಕೆ ಏನಾದರೂ ಪ್ರಯೋಜನವಾಯಿತೇ?

ಜಿವೆನ್ಶಿಯಂಥ ಕಡೆ ಹೇಳಿಕೊಳ್ಳುವಂಥದ್ದೇನಿಲ್ಲ. ಇವರು ಸಿಡಿಸುವುದು, ಅವರು ಸಿಡಿಸುವುದು, ನೆಲದ ತುಂಬ ಗುಂಡಿ. ಬೆಲ್ಜಿಯಮ್ಮಿನ ಮೆಸೀನ್ ದಿಣ್ಣೆಯದು ಬೇರೆ ಲೆಕ್ಕ: 1917ರ ಜೂನ್ 7ರ ನಸುಕಿನಲ್ಲಿ 19 ಮೈನ್‌ಗಳು ಒಟ್ಟಿಗೆ ಸಿಡಿದು ಜರ್ಮನ್ ಸಾಲೇ ಮುರಿಯಿತು.

ಸಮಾಧಿ ಎಲ್ಲಿದೆ?

ಇಲ್ಲ. ಇಬ್ಬರೂ ಇಂದಿಗೂ ಅಲ್ಲೇ, ಜಿವೆನ್ಶಿಯ ಹೊಲದಡಿ ಸುಮಾರು 40 ಅಡಿ ಆಳದಲ್ಲಿ ಒಟ್ಟಿಗಿದ್ದಾರೆ. ಹೆಸರುಗಳು ಮಾತ್ರ ಬೇರೆಬೇರೆ ದೇಶದಲ್ಲಿವೆ: ಹ್ಯಾಕೆಟ್‌ನದು ಬೆಲ್ಜಿಯಮ್ಮಿನ ಪ್ಲೋಗ್‌ಸ್ಟೀರ್ಟ್ ಸ್ಮಾರಕದಲ್ಲಿ, ಕಾಲಿನ್ಸ್‌ನದು ಫ್ರಾನ್ಸಿನ ಸೊಮ್ ಸೀಮೆಯ ಟಿಯೆಪ್‌ವಾಲ್‌ನಲ್ಲಿ.

ನೋಡಲು ಹೋಗುವುದಾದರೆ?

ಉತ್ತರ ಫ್ರಾನ್ಸಿನ ಬೆಥೂನ್ ಪಟ್ಟಣದಿಂದ ಪೂರ್ವಕ್ಕೆ ಕೆಲವು ಕಿಲೋಮೀಟರ್ ಹೋದರೆ ಜಿವೆನ್ಶಿ ಲೆ ಲಾ ಬಾಸೆ. ಹೆಸರು ಪೂರ್ತಿ ಹೇಳಿ. ಅದೇ ಸೀಮೆಯಲ್ಲಿ ಜಿವೆನ್ಶಿ ಎಂಬ ಇನ್ನೊಂದು ಊರಿದೆ, ಟ್ಯಾಕ್ಸಿಯವರು ಅಲ್ಲಿಗೆ ಕರೆದೊಯ್ದಾರು. 2010ರ ಜೂನ್ 19ರಂದು ಅಲ್ಲಿ ಸುರಂಗ ಕೆಲಸಗಾರರ ಸ್ಮಾರಕ ಅನಾವರಣಗೊಂಡಿತು. ಅದರ ಅಳತೆ ಷಾಫ್ಟ್ಸ್‌ಬರಿ ಸುರಂಗದ್ದೇ. ಮುಂದೆ ನಿಂತು ನಿಮ್ಮ ಎತ್ತರಕ್ಕೆ ಹೋಲಿಸಿ ನೋಡಿ, ಪುಸ್ತಕದ ಎಷ್ಟೋ ಪುಟ ಹೇಳದ್ದು ಅಲ್ಲಿ ತಿಳಿಯುತ್ತದೆ. ನವ್ ಶಪೆಲ್‌ನ ಭಾರತೀಯ ಸ್ಮಾರಕವನ್ನೂ ಅದೇ ದಿನ ನೋಡಬಹುದು. ವಿಕ್ಟೋರಿಯಾ ಕ್ರಾಸ್ ನೋಡಬೇಕೆಂದರೆ ಇಂಗ್ಲೆಂಡಿಗೇ ಹೋಗಬೇಕು. ಅದು ಕೆಂಟ್‌ನ ಗಿಲಿಂಗ್‌ಹ್ಯಾಮ್‌ನಲ್ಲಿರುವ ರಾಯಲ್ ಎಂಜಿನಿಯರ್ಸ್ ಮ್ಯೂಸಿಯಂಗೆ ಸೇರಿದೆ. ಹೊರಡುವ ಮೊದಲು ತೆರೆದಿರುವ ದಿನ, ಸಮಯ ವಿಚಾರಿಸಿಕೊಳ್ಳಿ.